ಟೀಚರ್ ಎದ್ದು ನಿಂತ ದಿನ

ಬೆಳಿಗ್ಗೆ ಐದೂವರೆಗೆ ಎದ್ದು ನೀರು ಹಿಡಿದೆ. ನನ್ನ ಮನೆ ಬಾಗಿಲು ಗುಡಿಸಿ, ಎರಡು ಮನೆ ಆಚೆ ಹೋಗಿ ಟೀಚರ ಮನೆ ಬಾಗಿಲನ್ನೂ ಗುಡಿಸಿ ತೊಳೆದೆ. ನೀರು ಕಾಯಿಸಿ ಅವರ ಮೈ ಒರೆಸಿದೆ. ತಲೆಗೆ ಎಣ್ಣೆ ಹಚ್ಚಿ, ಬಾಚಿ, ಜಡೆ ಹೆಣೆದು, ಸುತ್ತಿ ಪಿನ್ನು ಚುಚ್ಚಿದೆ. ಉಗುರು ಕತ್ತರಿಸಿದೆ. ಬಲಗೈಗೆ ಎರಡು ನಿಮಿಷ, ಎಡಗೈಗೆ ಕಾಲು ಗಂಟೆ ಹಿಡಿಯಿತು. ಸ್ಟ್ರೋಕ್ ಆದಂದಿನಿಂದ ಆ ಕೈ ಮುಷ್ಟಿ ಕಟ್ಟಿಕೊಂಡೇ ಇತ್ತು, ಅಂಗಡಿಗೆ ಹೊರಟ ಮಗು ನಾಣ್ಯ ಹಿಡಿದ ಹಾಗೆ. ಒಂದೊಂದೇ ಬೆರಳು ಬಿಡಿಸಿದರೆ ಅಂಗೈ ತುಂಬ ಉಗುರು ಒತ್ತಿದ ಕೆಂಪು ಗುರುತು, ಹುಳಿ ಬೆವರಿನ ವಾಸನೆ. ಒರೆಸಿ ಪೌಡರ್ ಹಾಕಿ ಬಿಟ್ಟೆ. ಮತ್ತೆ ಮುಚ್ಚಿಕೊಂಡಿತು. ಇಸ್ತ್ರಿಗೆ ಕೊಟ್ಟು ತಂದಿದ್ದ ನೇರಳೆ ಅಂಚಿನ ಸೀರೆ ಉಡಿಸಿದೆ. ಹಾಸಿಗೆಯ ಮೇಲಿನ ರಬ್ಬರ್ ಶೀಟು ತೆಗೆದು ಹಿತ್ತಲ ತಂತಿಗೆ ಹಾಕಿದೆ. ಬೆಡ್‌ಪ್ಯಾನನ್ನು ಟ್ರಂಕಿನ ಹಿಂದೆ ತಳ್ಳಿದೆ. ಊದುಬತ್ತಿ ಹಚ್ಚಿದೆ. ಬರುವವರಿಗೆಂದು ಉಪ್ಪಿಟ್ಟು, ಕೇಸರಿಬಾತು ಮಾಡಿಟ್ಟೆ. ಹತ್ತು ಗಂಟೆಯೊಳಗೆ ಎಲ್ಲ ಮುಗಿದಿತ್ತು.

ಇದು ನೆನಪಿನಿಂದ ಬರೆದದ್ದಲ್ಲ, ನನ್ನ ದಿನದ ಪುಸ್ತಕದಲ್ಲಿರುವುದು. ಅಂಗನವಾಡಿಯಲ್ಲಿ ಸಹಾಯಕಿಯಾಗಿ ಸೇರಿದ ಮೊದಲ ವಾರವೇ ಟೀಚರ್ ನನ್ನ ಕೈಗೆ ನೂರು ಪುಟದ ನೋಟ್‌ಬುಕ್ಕು ಕೊಟ್ಟು, ಮಾಡಿದ ಕೆಲಸ ಬರೆದು ಮುಂದೆ ಸರಿ ಗುರುತು ಹಾಕುವುದನ್ನು ಕಲಿಸಿದ್ದರು. ಆ ದಿನದ ಪುಟದಲ್ಲಿ ಪ್ರತಿ ಕೆಲಸದ ಮುಂದೆಯೂ ಸರಿ ಗುರುತಿದೆ. ಅದರಲ್ಲಿ ಯಾವುದಾದರೂ ಒಂದನ್ನು ಮರೆತಿದ್ದರೆ ಟೀಚರ್ ಇನ್ನಷ್ಟು ದಿನ ಇರುತ್ತಿದ್ದರೇನೋ ಎಂದು ಈಗಲೂ ಆ ಪುಟ ತೆಗೆದು ನೋಡುತ್ತೇನೆ.

ನಮ್ಮ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ರಾಮಮೂರ್ತಿ ನಗರ ಬಾಡಿಗೆ ಮನೆಗಳ ಊರಾಗುವುದಕ್ಕೆ ಮುಂಚೆಯೇ ಇದ್ದ ಹಳೇ ಊರು ನಮ್ಮದು. ಸುತ್ತ ನಾಲ್ಕು ಮಹಡಿಯ ಕಟ್ಟಡಗಳು ಎದ್ದು ನಿಂತರೂ ನಡುವೆ ಒಂದಷ್ಟು ಶೀಟಿನ ಮನೆಗಳು ಹಾಗೇ ಉಳಿದಿವೆ. ಅದರಲ್ಲಿ ಒಂದು ಟೀಚರದು. ಒಂದೇ ಕೋಣೆ, ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಕ್ಕಳ ಗುಂಪಿನ ಫೋಟೋಗಳು. ತಾಯಿ, ಮಗಳು ಇಬ್ಬರೂ ಅವರ ಕೈಕೆಳಗೆ ಅ ಆ ಇ ಈ ತಿದ್ದಿದ ಮನೆಗಳು ಇಲ್ಲಿ ಎಷ್ಟೋ ಇವೆ. ಟೀಚರ್ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, ಮೂವತ್ತು ಮಕ್ಕಳಿಗೆ ಮೂಗು ಒರೆಸಿ ಸಾಕಾಗಿದೆ, ಮೂವತ್ತೊಂದನೆಯದು ಮೀಸೆ ಇರೋದು ಬೇರೆ ಬೇಕಾ ಎಂದು ನಗಿಸಿಬಿಡುತ್ತಿದ್ದರು.

ನಾನು ಕೆಲಸ ಕೇಳಿಕೊಂಡು ಹೋದಾಗ ಅಡುಗೆ ಬರುತ್ತದೆಯೇ ಎಂದು ಅವರು ಕೇಳಲಿಲ್ಲ. ಕೈ ಮುಂದೆ ಚಾಚಲು ಹೇಳಿ ಉಗುರು ನೋಡಿದರು. ಸಾಂಬಾರಿನ ರುಚಿ ಆಮೇಲೆ ಸರಿ ಮಾಡಬಹುದು, ಇದನ್ನು ಇವತ್ತೇ ಸರಿ ಮಾಡಬೇಕು ಅಂದರು. ಆಗ ನನಗೆ ಮೂವತ್ತು ದಾಟಿತ್ತು, ಎರಡು ಮಕ್ಕಳ ತಾಯಿ. ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಹೋಗಿ ಉಗುರು ಕತ್ತರಿಸಿ ಬಂದೆ. ಹದಿನೆಂಟು ವರ್ಷ ಅವರ ಮಾತು ಮೀರಲಿಲ್ಲ.

ಅಂಗನವಾಡಿ ನಡೆಸುವ ಕೆಲಸದಲ್ಲಿ ಒಂದು ಭಾಗ ಮಕ್ಕಳದ್ದು, ಇನ್ನೊಂದು ನೋಡಲು ಬರುವವರದ್ದು. ಸೂಪರ್‌ವೈಸರ್ ಮೇಡಂ ಯಾವಾಗ ಬರುತ್ತಾರೆ ಎಂದು ಮೊದಲೇ ಹೇಳುತ್ತಿರಲಿಲ್ಲ. ಆದರೆ ಅವರು ಒಂದು ಕೇಂದ್ರ ಬಿಟ್ಟ ಕೂಡಲೇ ಅಲ್ಲಿಯ ಟೀಚರ್ ಮುಂದಿನ ಕೇಂದ್ರಕ್ಕೆ ಫೋನ್ ಮಾಡುವುದು ಎಲ್ಲ ಕಡೆಯ ಪದ್ಧತಿ. ಆ ಫೋನ್ ಬಂದರೆ ನಮಗೆ ಹತ್ತು ನಿಮಿಷ ಸಿಗುತ್ತಿತ್ತು. ಒಂದು ಬಕೆಟ್ ನೀರು, ಒಂದು ಟವೆಲ್ಲು, ಒಂದು ಬಾಚಣಿಗೆ. ಮೂವತ್ತು ಮುಖ, ಮೂವತ್ತು ತಲೆ. ದುಂಡಗಿರುವ ಮಕ್ಕಳು ಮುಂದಿನ ಸಾಲಿಗೆ, ಸೊರಗಿದವು ಹಿಂದಿನ ಸಾಲಿಗೆ. ಮೇಡಂ ಚಪ್ಪಲಿ ಬಿಡುವ ಹೊತ್ತಿಗೆ ಎಲ್ಲರೂ ಎದ್ದು ನಿಂತು ನಮಸ್ಕಾರ ಹೇಳಬೇಕು, ಹಾಡು ಶುರುವಾಗಬೇಕು. ಹೋಗುವಾಗ ಅವರು ಭೇಟಿ ಪುಸ್ತಕದಲ್ಲಿ ‘ಉತ್ತಮ’ ಎಂದು ಬರೆದರೆ ಟೀಚರ್ ಆ ದಿನ ನನಗೂ ಒಂದು ಲೋಟ ಕಾಫಿ ತರಿಸುತ್ತಿದ್ದರು.

“ನೋಡೋಕ್ ಬಂದೋರಿಗೆ ನಾವು ಕಾಣ್ಬೇಕು ಜಯಾ, ನಮ್ ಕಷ್ಟ ಕಾಣ್ಬಾರ್ದು” ಅನ್ನುತ್ತಿದ್ದರು.

ಇದು ಬರೀ ಜಂಬವಲ್ಲ. ಕೊಳಕಾಗಿದೆ, ಮಕ್ಕಳು ಕಡಿಮೆ ಎಂದು ಬರೆಸಿಕೊಂಡ ಒಂದು ಕೇಂದ್ರವನ್ನು ಮುಚ್ಚಿ, ಅಲ್ಲಿಯ ಮಕ್ಕಳನ್ನು ರೈಲು ಹಳಿಯ ಆಚೆಗೆ ಸೇರಿಸಿದ್ದನ್ನು ಅವರು ಕಂಡಿದ್ದರು. ಹಳಿ ದಾಟಿ ಯಾರು ಕರೆದುಕೊಂಡು ಹೋಗುತ್ತಾರೆ? ಆ ಮಕ್ಕಳು ಮನೆಯಲ್ಲೇ ಉಳಿದವು. ಚೆನ್ನಾಗಿ ಕಂಡರೆ ಅಕ್ಕಿ ಬರುತ್ತದೆ, ಮೊಟ್ಟೆ ಬರುತ್ತದೆ, ಬಾಗಿಲು ತೆರೆದಿರುತ್ತದೆ. ಸರ್ಕಾರದ ವಿಷಯದಲ್ಲಿ ಅವರು ಕಲಿತದ್ದು ಇಷ್ಟು.

ಒಂದು ಮಳೆಗಾಲದಲ್ಲಿ ಅಂಗನವಾಡಿಯ ಅರ್ಧ ಚಾವಣಿ ಸೋರುತ್ತಿತ್ತು. ದುರಸ್ತಿಗೆ ಟೀಚರೇ ಅರ್ಜಿ ಬರೆದಿದ್ದರು. ಅದನ್ನು ನೋಡಲೆಂದೇ ಒಬ್ಬ ಅಧಿಕಾರಿ ಬಂದರು. ಫೋನ್ ಬಂದಿತ್ತಲ್ಲ, ಟೀಚರಿಗೆ ಸುಮ್ಮನಿರಲಾಗಲಿಲ್ಲ. ಸೋರುವ ಕಡೆ ಇಟ್ಟಿದ್ದ ಬೋಗುಣಿಗಳನ್ನೆಲ್ಲ ನನ್ನಿಂದ ತೆಗೆಸಿದರು, ನೆಲ ಒರೆಸಿಸಿದರು, ಗೋಡೆಯ ಪಾಚಿಯ ಮೇಲೆ ಹಣ್ಣಿನ ಚಾರ್ಟ್ ತೂಗುಹಾಕಿದರು. ಒಣಗಿದ್ದ ಅರ್ಧದಲ್ಲಿ ಮಕ್ಕಳನ್ನು ಒತ್ತೊತ್ತಾಗಿ ಕೂರಿಸಿ ಹಾಡಿಸಿದರು. ಆ ಅಧಿಕಾರಿ ಮಕ್ಕಳ ಕೆನ್ನೆ ತಟ್ಟಿ, ‘ಉತ್ತಮ’ ಎಂದು ಬರೆದು ಹೋದರು. ಚಾವಣಿ ಮತ್ತೆರಡು ಮಳೆಗಾಲ ಸೋರಿತು. ನಾನು ಒಮ್ಮೆ ಇದನ್ನು ಎತ್ತಿ ಆಡಿದ್ದಕ್ಕೆ, ಉತ್ತಮ ಅಂತ ಬರೆದಿದ್ದಾರಲ್ಲ, ಅದನ್ನ ಯಾರಾದ್ರೂ ಅಳಿಸೋಕಾಗುತ್ತಾ ಎಂದು ನನ್ನನ್ನೇ ಕೇಳಿದ್ದರು. ನಾವಿಬ್ಬರೂ ನಕ್ಕೆವು. ಅದು ನಗುವ ವಿಷಯವಲ್ಲ ಎಂದು ನನಗೆ ಅಂದು ಹೊಳೆಯಲಿಲ್ಲ.

ಅರವತ್ತಾದಾಗ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದರು. ಅಂಗನವಾಡಿಯವರಿಗೆ ಬರುವುದು ಸಂಬಳವಲ್ಲ, ಗೌರವಧನ. ಅದು ನಿಂತರೆ ಹಿಂದೆ ಪಿಂಚಣಿ ಎಂದು ಏನೂ ಬರುವುದಿಲ್ಲ. ಟೀಚರ್ ಅದಕ್ಕೂ ಗೊಣಗಲಿಲ್ಲ. ಮನೆ ಮುಂದೆ ಚಾಪೆ ಹಾಸಿ ಸಂಜೆ ಮಕ್ಕಳಿಗೆ ಪಾಠ ಹೇಳಿಕೊಂಡು ಇದ್ದರು. ಎರಡು ವರ್ಷ ಕಳೆದ ಮೇಲೆ ಒಂದು ಮಂಗಳವಾರ, ಕೆ.ಆರ್. ಪುರದ ಸಂತೆಯಲ್ಲಿ ಕೊತ್ತಂಬರಿ ಕಟ್ಟು ಕೈಯಲ್ಲಿ ಹಿಡಿದವರು ಹಾಗೇ ಪಕ್ಕಕ್ಕೆ ವಾಲಿದರು. ಎಡಭಾಗ ಪೂರ್ತಿ ಬಿದ್ದುಹೋಯಿತು. ಮಾತು ಸ್ವಲ್ಪ ತೊದಲಿದರೂ ಉಳಿಯಿತು. ಆಸ್ಪತ್ರೆಯವರು ಇಪ್ಪತ್ತು ದಿನ ಇಟ್ಟುಕೊಂಡು, ಇನ್ನು ಇಲ್ಲಿ ಮಾಡುವುದೇನಿಲ್ಲ, ಮನೆಯಲ್ಲೇ ಆರೈಕೆ ಮಾಡಿ ಅಂದರು. ಯಾರು ಮಾಡಬೇಕು ಎಂದು ಹೇಳಲಿಲ್ಲ.

ಬೆಳಿಗ್ಗೆ, ಸಂಜೆ ನಾನು ಮಾಡುತ್ತಿದ್ದೆ. ಹಗಲು ನನಗೆ ಅಂಗನವಾಡಿ. ಆಗ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ ಒಂದು ಯೋಜನೆಯ ವಿಷಯ ತಂದಳು. ಹಾಸಿಗೆ ಹಿಡಿದ ವಯಸ್ಸಾದವರ ಮನೆಗೆ ದಿನಕ್ಕೆ ಐದು ಗಂಟೆ ತರಬೇತಿಯಾದ ಹೆಂಗಸೊಬ್ಬಳು ಬರುತ್ತಾಳೆ. ಕಳಿಸುವುದು ಒಂದು ಸಂಸ್ಥೆ, ಖರ್ಚು ಸರ್ಕಾರದ ಅನುದಾನದ್ದು. ಅರ್ಜಿ ತುಂಬಿದೆ, ನಾಲ್ಕು ತಿಂಗಳು ಕಳೆದ ಮೇಲೆ ಮಂಜೂರಾಯಿತು. ಹೀಗೆ ಶಾಂತಿ ಬಂದಳು.

ಶಾಂತಿ ಹಲಸೂರಿನವಳು. ಮನೆಮಾತು ತಮಿಳು. ಎರಡು ಬಸ್ಸು ಬದಲಾಯಿಸಿ ಹತ್ತು ಗಂಟೆಗೆ ಬರುತ್ತಿದ್ದಳು, ಮೂರಕ್ಕೆ ಹೋಗುತ್ತಿದ್ದಳು. ಬಂದ ಕೂಡಲೇ ಮೊಣಕೈವರೆಗೆ ಕೈ ತೊಳೆಯುವುದು ನೋಡಿಯೇ ಟೀಚರಿಗೆ ಒಪ್ಪಿಗೆಯಾಯಿತು. ಆದರೂ ಉಗುರು ನೋಡದೆ ಬಿಡಲಿಲ್ಲ. ಎರಡು ಗಂಟೆಗೊಮ್ಮೆ ಟೀಚರನ್ನು ಮಗ್ಗುಲು ಬದಲಾಯಿಸಿ ಮಲಗಿಸುವುದು, ಬೆನ್ನಿಗೆ ಗಾಳಿ ಆಡಿಸುವುದು, ಎಡಗಾಲು ಮಡಿಸಿ ಬಿಡಿಸುವುದು ಅವಳ ಕೆಲಸ. ಮಲಗಿದ್ದವರ ಬೆನ್ನು ಎಂಟು ತಿಂಗಳಲ್ಲಿ ಎಲ್ಲೂ ಕೆಂಪಾಗಲಿಲ್ಲ. ಮಧ್ಯೆ ಟೀಚರ್ ಅವಳಿಗೆ ಸ್ಲೇಟು ಹಿಡಿಸಿದ್ದರು. ಕನ್ನಡ ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ.

“ಈ ವಯಸ್ಸಲ್ಲಿ ನಂಗೆ ಯಾಕೆ ಟೀಚರಮ್ಮಾ ಇದೆಲ್ಲಾ?” ಎಂದು ಅವಳು ಒಂದು ದಿನ ಸ್ಲೇಟು ಕೆಳಗಿಟ್ಟಳು.

“ಬಸ್ ಬೋರ್ಡ್ ಓದೋಕೆ. ಎಷ್ಟ್ ದಿನ ಅಂತ ಕಂಡಕ್ಟರ್ ಮುಖ ಓದ್ತೀಯಾ? ತಗೋ, ಬರಿ.”

ಸುಖವಾಗಿತ್ತು ಎಂದರೆ ತಪ್ಪಾಗುತ್ತದೆ, ನಡೆಯುತ್ತಿತ್ತು. ಆ ಐದು ಗಂಟೆಯ ಮೇಲೆ ಟೀಚರ ಮೈ ನಿಂತಿತ್ತು.

ಆಮೇಲೆ ಒಂದು ದಿನ ನನ್ನ ಫೋನಿಗೆ ಮೆಸೇಜು ಬಂತು. ಫಲಾನುಭವಿಗಳ ಮರುಪರಿಶೀಲನೆ ನಡೆಯಲಿದೆ, ಇಂಥ ದಿನ ಅಧಿಕಾರಿ ಮನೆಗೆ ಬರುತ್ತಾರೆ, ಅಂದು ಸಂಸ್ಥೆಯಿಂದ ಆರೈಕೆಗೆ ಬರುವವರು ಅಲ್ಲಿರಬಾರದು. ಶಾಂತಿಗೆ ಅದರ ಹಿಂದಿನ ಕಥೆ ಗೊತ್ತಿತ್ತು. ಈ ಸಲ ಅನುದಾನ ಕಡಿಮೆ ಬಂದಿದೆಯಂತೆ, ಯಾರು ಸುಧಾರಿಸಿದ್ದಾರೆ ಎಂದು ಹುಡುಕುತ್ತಿದ್ದಾರಂತೆ. ಹಲಸೂರಿನಲ್ಲಿ ಆಗಲೇ ಮೂರು ಮನೆ ಕೈಬಿಟ್ಟಿದ್ದರು. ಅದರಲ್ಲಿ ಒಬ್ಬ ತಾತ, ಬಂದ ಅಧಿಕಾರಿಯನ್ನು ಬಾಗಿಲವರೆಗೆ ಕಳಿಸಿಕೊಡದಿದ್ದರೆ ಮರ್ಯಾದೆಯಲ್ಲ ಎಂದು ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ಹಾಕಿದ್ದನಂತೆ. ನಡೆಯುತ್ತಾನೆ ಎಂದು ಬರೆದುಕೊಂಡು ಹೋದರು. ತಾತ ಈಗಿಲ್ಲ ಎಂದು ಶಾಂತಿ ತಗ್ಗಿದ ದನಿಯಲ್ಲಿ ಹೇಳಿದಳು. ಅವಳು ಸುಮ್ಮನೆ ಹೆದರಿಸುವವಳಲ್ಲ.

“ಅಕ್ಕಾ, ಆವತ್ತು ತಲೆ ಬಾಚ್ಬೇಡಿ. ನೈಟಿಲೇ ಇರ್ಲಿ. ಬೆಡ್‌ಪ್ಯಾನ್ ಎದುರಿಗೇ ಇರ್ಲಿ. ನಾವು ದಿನಾ ನೋಡೋದನ್ನ ಅವರು ಒಂದ್ ದಿನ ನೋಡ್ಲಿ” ಅಂದಳು.

ಮಂಚದ ಮೇಲಿಂದ ಟೀಚರ್ ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

“ಯಾರೋ ಆಫೀಸರ್ ಮನೆಗೆ ಬಂದ್ರೆ ಉಚ್ಚೆ ಪಾತ್ರೆ ತೋರಿಸ್ಬೇಕೇನಮ್ಮಾ?”

“ತೋರಿಸ್ಬೇಕು ಟೀಚರಮ್ಮಾ.”

“ನಿಂಗೆ ಸರ್ಕಾರದೋರು ಗೊತ್ತಿಲ್ಲ. ಕೊಳಕಾಗಿ ಕಂಡ್ರೆ ಮುಚ್ಚಾಕ್ತಾರೆ. ಮೂವತ್ತೈದು ವರ್ಷ ನೋಡಿದೀನಿ ನಾನು.”

“ಅದು ಮಕ್ಳದು. ಇದು ಬೇರೆ” ಎಂದು ಶಾಂತಿ ಮತ್ತೆ ಮತ್ತೆ ಹೇಳಿದಳು. ಟೀಚರ್ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಅವಳು ಹೋದ ಮೇಲೆ ನನ್ನನ್ನು ಹತ್ತಿರ ಕರೆದು, ನೇರಳೆ ಅಂಚಿನ ಸೀರೆ ಇಸ್ತ್ರಿಗೆ ಕೊಡು ಅಂದರು. ಶಾಂತಿ ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಆದರೆ ಹದಿನೆಂಟು ವರ್ಷದ ರೂಢಿ, ಕೈ ಸೀರೆ ತೆಗೆದುಕೊಂಡಿತು. ಎರಡು ದಿನ ನನಗೆ ಊಟ ಸೇರಲಿಲ್ಲ. ಪುಸ್ತಕದಲ್ಲಿ ಹಾಗೆಂದು ಬರೆದಿದ್ದೇನೆ, ಕಾರಣ ಬರೆದಿಲ್ಲ.

ಬಂದವಳು ಚಿಕ್ಕ ವಯಸ್ಸಿನ ಹುಡುಗಿ, ಒಳ್ಳೆಯ ಮಾತು, ಕೈಯಲ್ಲಿ ಟ್ಯಾಬ್. ಚಪ್ಪಲಿ ಬಿಟ್ಟು, ನಮಸ್ಕಾರ ಅಮ್ಮ ಎಂದು ಒಳಗೆ ಕಾಲಿಟ್ಟಳು. ನಾನು ಕುರ್ಚಿ ಎಳೆಯಲು ತಿರುಗಿದವಳು ಮಂಚ ಕಿರುಗುಟ್ಟಿದ್ದು ಕೇಳಿ ಹಿಂದೆ ನೋಡಿದೆ. ಟೀಚರ್ ಬಲಗೈಯಲ್ಲಿ ಕಿಟಕಿಯ ಸರಳು ಹಿಡಿದು ಏಳುತ್ತಿದ್ದರು. ಸ್ಟ್ರೋಕ್ ಆದಮೇಲೆ ಅವರು ತಾವಾಗಿ ಕೂತದ್ದೇ ಇಲ್ಲ, ನಾವು ದಿಂಬು ಒತ್ತಿ ಕೂರಿಸಬೇಕಿತ್ತು. ಕತ್ತಿನ ನರ ಉಬ್ಬಿತ್ತು. ತುಟಿ ಬಿಗಿದಿತ್ತು. ಬಲಗಾಲ ಮೇಲೆ ಪೂರ್ತಿ ಭಾರ ಬಿಟ್ಟು, ನೇರ ನಿಂತರು. ಆಫೀಸರ್ ಬಂದರೆ ಎದ್ದು ನಿಲ್ಲಬೇಕು ಎಂದು ಎಷ್ಟು ಸಾವಿರ ಮಕ್ಕಳಿಗೆ ಹೇಳಿಕೊಟ್ಟಿದ್ದರೋ. ಆ ಹುಡುಗಿ ಬಾಗಿಲಿಂದ ಕುರ್ಚಿಗೆ ಬಂದು ಕೂರುವಷ್ಟು ಹೊತ್ತು ನಿಂತಿದ್ದರು. ಆಮೇಲೆ ನಾನು ಓಡಿ ಹಿಡಿದು ಕೂರಿಸಿದೆ. ಸೀರೆಯ ಕೆಳಗೆ ಅವರ ಮೈಯೆಲ್ಲ ನಡುಗುತ್ತಿತ್ತು, ಹೊರಗೆ ಕಾಣುತ್ತಿರಲಿಲ್ಲ.

ಪ್ರಶ್ನೆಗಳು ಶುರುವಾದವು. ಊಟ ಕೈಯಾರೆ ಮಾಡುತ್ತೀರಾ, ಮಾಡುತ್ತೇನೆ. ಹೌದು, ಬಲಗೈಯಲ್ಲಿ ಮಾಡುತ್ತಿದ್ದರು, ಕಲಸಿ ಬಾಯಿಯ ಹತ್ತಿರ ತಟ್ಟೆ ಹಿಡಿದರೆ. ಸ್ನಾನ? ದಿನಾ ಆಗುತ್ತದೆ. ಮಾಡಿಸುವವರು ಯಾರು ಎಂದು ಟ್ಯಾಬಿನಲ್ಲಿ ಇರಲಿಲ್ಲವೋ, ಇದ್ದರೂ ಆಕೆಗೆ ಕೇಳಬೇಕೆನಿಸಲಿಲ್ಲವೋ. ನೆನಪು? ಟೀಚರ್ ಮಗ್ಗಿ ಹೇಳಿದರು. ಹುಡುಗಿ ನಗುತ್ತ ಒತ್ತುತ್ತ ಹೋದಳು. ಕೊನೆಗೆ ನನ್ನ ಕಡೆ ತಿರುಗಿದಳು.

“ಇವ್ರು ದಿನಾ ಹೀಗೇ ಎದ್ ನಿಲ್ತಾರಾ ಆಂಟಿ?”

ಟೀಚರ್ ನನ್ನನ್ನು ನೋಡಿದರು. ಮೊಟ್ಟೆ ಎಲ್ಲ ಮಕ್ಕಳಿಗೂ ಸಿಕ್ಕಿತಾ ಎಂದು ಸೂಪರ್‌ವೈಸರ್ ನನ್ನನ್ನು ಕೇಳಿದಾಗಲೆಲ್ಲ ಹೀಗೇ ನೋಡುತ್ತಿದ್ದರು.

“ಹೂಂ ಮೇಡಂ” ಅಂದೆ.

ಎರಡು ಪದ. ನನ್ನ ಬದುಕಿನಲ್ಲಿ ನಾನು ಆಡಿದ ಮಾತುಗಳಲ್ಲಿ ಅದನ್ನು ಮಾತ್ರ ವಾಪಸು ತೆಗೆದುಕೊಳ್ಳಲು ಆಗಿದ್ದರೆ ಸಾಕಿತ್ತು.

ಆ ಹುಡುಗಿ ಒಂದು ಫೋಟೋ ತೆಗೆದುಕೊಂಡಳು. ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೀರಿ, ಎಲ್ಲರ ಮನೆಯಲ್ಲೂ ಹೀಗಿರುವುದಿಲ್ಲ ಎಂದು ನನ್ನ ಕೈ ಹಿಡಿದು ಹೇಳಿದಳು. ಎರಡು ಚಮಚ ಕೇಸರಿಬಾತು ತಿಂದು ಹೋದಳು. ಅವಳನ್ನು ಬೈಯಲು ನನಗೆ ಮನಸ್ಸಿಲ್ಲ. ನಾವು ತೋರಿಸಿದ್ದನ್ನು ಅವಳು ಬರೆದುಕೊಂಡಳು. ಅವಳ ಆಟೋ ತಿರುವಿನಲ್ಲಿ ಮರೆಯಾಗುವ ಮೊದಲೇ ಟೀಚರ್ ಒದ್ದೆಯಾಗಿದ್ದರು. ರಬ್ಬರ್ ಶೀಟು ತಂತಿಯ ಮೇಲಿತ್ತು, ಹಾಸಿಗೆ ನೆನೆಯಿತು. ಆದರೂ ಅವರ ಮುಖದಲ್ಲಿ ಗೆದ್ದ ಕಳೆ ಇತ್ತು. ಏನು ಬರೆದಳು, ನೋಡಿದೆಯಾ ಎಂದು ಕೇಳಿದರು. ಇಲ್ಲ ಟೀಚರ್, ಈಗ ಪುಸ್ತಕದಲ್ಲಿ ಬರೆಯುವುದಿಲ್ಲ ಅಂದೆ.

ಮೂರನೇ ವಾರ ಮೆಸೇಜು ಬಂತು. ‘ಭಾಗಶಃ ಸ್ವಾವಲಂಬಿ. ಮನೆ ಆರೈಕೆ ಸೇವೆ ಮುಕ್ತಾಯ.’ ಟೀಚರ್ ಮೊದಲನೆಯ ಮಾತನ್ನು ಇನ್ನೊಮ್ಮೆ ಓದು ಅಂದರು. ಓದಿದೆ. ಸ್ವಾವಲಂಬಿ ಎಂದು ತೊದಲುತ್ತ ತಾವೂ ಹೇಳಿ ನೋಡಿದರು. ಅವರಿಗೆ ಹಿತವಾಗಿತ್ತು. ಎರಡನೆಯ ಸಾಲು ಅವರೊಳಗೆ ಇಳಿಯಲು ಮರುದಿನ ಹತ್ತು ಗಂಟೆಯಾಗಬೇಕಾಯಿತು. ಬಾಗಿಲ ಕಡೆಯೇ ನೋಡುತ್ತಿದ್ದರಂತೆ, ಸಂಜೆ ಅವರೇ ಹೇಳಿದರು.

ಮೆಸೇಜು ಬಂದ ದಿನವೇ ಶಾಂತಿಗೂ ಕೊನೆಯ ದಿನವಾಗಿತ್ತು, ಅವಳು ಜಗಳವಾಡಲಿಲ್ಲ. ದಿಂಬು ಎಲ್ಲಿ ಕೊಟ್ಟು ಹೇಗೆ ಹೊರಳಿಸಬೇಕು ಎಂದು ನನ್ನಿಂದ ಮೂರು ಸಲ ಮಾಡಿಸಿದಳು. ಹೊರಡುವಾಗ ಬಾಗಿಲಲ್ಲಿ ನಿಂತು, ಹುಣ್ಣಾದರೆ ಫೋನಿನಲ್ಲಿ ಹೇಳುತ್ತ ಕೂರಬೇಡಿ, ಯಾರನ್ನಾದರೂ ಕರೆತಂದು ತೋರಿಸಿಬಿಡಿ ಅಂದಳು.

ನಾನು ಶಿವಾಜಿನಗರದ ಬಸ್‌ಸ್ಟ್ಯಾಂಡಿನ ಹತ್ತಿರವಿದ್ದ ಆ ಯೋಜನೆಯ ಕಚೇರಿಗೆ ಎರಡು ಸಲ ಹೋದೆ. ಮಹಡಿಯ ಮೇಲೆ ಒಬ್ಬರು ಕಂಪ್ಯೂಟರಿನಲ್ಲಿ ಟೀಚರ ಫೋಟೋ ತೆಗೆದು ನನ್ನ ಕಡೆ ತಿರುಗಿಸಿದರು. ಇಸ್ತ್ರಿ ಸೀರೆ, ಸುತ್ತಿದ ಜಡೆ, ನೆಟ್ಟಗಿನ ಕತ್ತು. ಮೀಟಿಂಗಿಗೆ ಹೊರಟವರ ಹಾಗಿದ್ದರು.

“ಇವ್ರೇನಮ್ಮಾ ಹಾಸಿಗೆ ಹಿಡಿದೋರು?” ಎಂದು ಅವರು ಕೇಳಿದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೇ ಕೇಳಿದರು.

ಆರು ತಿಂಗಳಾದ ಮೇಲೆ ಹೊಸ ಅರ್ಜಿ ಹಾಕಬಹುದು ಎಂದರು. ಬಸ್ಸಿನಲ್ಲಿ ಬರುವಾಗ ಆರು ತಿಂಗಳನ್ನು ನಾನು ಎರಡೆರಡು ಗಂಟೆಗಳಾಗಿ ಮಾಡಿ ನೋಡುತ್ತಿದ್ದೆ.

ಬೆಳಿಗ್ಗೆ ಒಂಬತ್ತಕ್ಕೆ ಎಡ ಮಗ್ಗುಲಿಗೆ ಮಲಗಿಸಿ, ಬಾಗಿಲು ಹೊರಗಿಂದ ಎಳೆದುಕೊಂಡು ಅಂಗನವಾಡಿಗೆ ಹೋಗುತ್ತಿದ್ದೆ. ಮಕ್ಕಳು ಊಟಕ್ಕೆ ಕೂತಾಗ ಓಡಿ ಬಂದು ಬಲಕ್ಕೆ ಹೊರಳಿಸುತ್ತಿದ್ದೆ. ಮತ್ತೆ ನಾಲ್ಕಕ್ಕೆ. ಆ ಶೀಟಿನ ಕೆಳಗೆ ಏಪ್ರಿಲ್ ತಿಂಗಳಲ್ಲಿ ಹಗಲು ಹೇಗಿರುತ್ತದೆ ಎಂದು ಬರೆಯುವುದು ಬೇಡ. ಟೀಚರ್ ಒಂದು ದಿನವೂ ದೂರಲಿಲ್ಲ. ನಾನು ಬಂದು ಬಾಗಿಲು ತೆಗೆದರೆ, ಇವತ್ತು ಎಷ್ಟು ಮಕ್ಕಳು ಬಂದಿದ್ದವು ಎಂದು ಕೇಳುತ್ತಿದ್ದರು. ಎರಡನೆಯ ತಿಂಗಳು ಸೊಂಟದ ಕೆಳಗೆ ರೂಪಾಯಿ ಅಗಲ ಕೆಂಪು ಕಂಡಿತು. ಮೂರನೆಯ ತಿಂಗಳು ಅದು ಕಪ್ಪಾಗಿ, ಬಾಯಿ ಬಿಟ್ಟಿತು. ಆರೋಗ್ಯ ಕೇಂದ್ರದ ನರ್ಸು ವಾರಕ್ಕೊಮ್ಮೆ ಬಂದು ತೊಳೆದು ಕಟ್ಟಿ ಹೋಗುತ್ತಿದ್ದಳು. ಕಟ್ಟುವುದು ದೊಡ್ಡದಲ್ಲ, ಭಾರ ಬೀಳದ ಹಾಗೆ ಹೊರಳಿಸುವವರು ಬೇಕು ಅನ್ನುತ್ತಿದ್ದಳು. ಊದುಬತ್ತಿ ಹಚ್ಚಿದರೂ ಆ ವಾಸನೆ ಬೀದಿಗೆ ಬರುತ್ತಿತ್ತು. ಪಾಠಕ್ಕೆ ಬರುತ್ತಿದ್ದ ಮಕ್ಕಳು ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಹೋಗತೊಡಗಿದವು.

ಆರು ತಿಂಗಳು ಮುಗಿದ ದಿನವೇ ಅರ್ಜಿ ಹಾಕಿದೆ. ನೋಡಲು ಬರುವ ದಿನ ಗೊತ್ತಾದಾಗ ನಾನು ಟೀಚರ ಮಂಚದ ಪಕ್ಕ ಕೂತು, ಈ ಸಲ ಒಂದು ಮಾತು ನಾನು ಹೇಳಿದ ಹಾಗೆ ನಡೆಯಬೇಕು ಅಂದೆ. ಅವರು ಬಲಗೈಯಿಂದ ತಮ್ಮ ಜಡೆ ಮುಟ್ಟಿ ನೋಡಿಕೊಂಡರು.

“ಬಾಚ್ಬೇಡ. ಹಾಗೇ ಬಿಡು. ನಾನು ಮಾತಾಡಲ್ಲ” ಅಂದರು.

ಆ ಬೆಳಿಗ್ಗೆ ನಾನು ಏನೂ ಮಾಡಲಿಲ್ಲ. ಮುಖ ಒರೆಸಲಿಲ್ಲ, ಶೀಟು ತೆಗೆಯಲಿಲ್ಲ. ಕೈ ಕಟ್ಟಿ ಕೂರುವುದು ಅಷ್ಟು ಕಷ್ಟದ ಕೆಲಸ ಎಂದು ನನಗೆ ಗೊತ್ತಿರಲಿಲ್ಲ. ಈ ಬಾರಿ ಬಂದದ್ದು ನಡುವಯಸ್ಸಿನ ಗಂಡಸು. ಬಾಗಿಲಲ್ಲೇ ಕರವಸ್ತ್ರ ತೆಗೆದರು. ನಾನು ಟೀಚರನ್ನು ಹೊರಳಿಸಿ, ನೈಟಿ ಸರಿಸಿ, ಬಟ್ಟೆ ಬಿಚ್ಚಿ ತೋರಿಸಿದೆ. ಅವರು ಕೇಳಿದ ಒಂದೇ ಪ್ರಶ್ನೆ, ಇದು ಎಷ್ಟು ದಿನದಿಂದ ಹೀಗಿದೆ ಎಂದು. ಟೀಚರ್ ಗೋಡೆಗೆ ಮುಖ ಒತ್ತಿಕೊಂಡು ಕಣ್ಣು ಮುಚ್ಚಿದ್ದರು. ಬಲಗೈ ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದಿತ್ತು. ಏಳಲು ನೋಡುತ್ತಿದ್ದಾರೋ, ಏಳದಂತೆ ತಡೆದುಕೊಳ್ಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ಆ ಮನುಷ್ಯ ಹೋದ ಮೇಲೆ ಅವರು ಕಣ್ಣು ಬಿಟ್ಟು, ಈಗ ಬಾಚು ಅಂದರು. ಬಾಚಿದೆ. ಅವತ್ತು ಎಷ್ಟು ಮಕ್ಕಳು ಬಂದಿದ್ದವು ಎಂದು ಅವರು ಕೇಳಲಿಲ್ಲ. ಮುಂದೆಯೂ ಕೇಳಲಿಲ್ಲ.

ಈ ಸಲ ಬೇಗ ಮಂಜೂರಾಯಿತು. ಶಾಂತಿಯೇ ಬಂದಳು. ಮೊಣಕೈವರೆಗೆ ಕೈ ತೊಳೆದು, ಹುಣ್ಣಿನ ಬಟ್ಟೆ ಬಿಚ್ಚಿದವಳು ಹಾಗೇ ಮತ್ತೆ ಮುಚ್ಚಿದಳು. ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಒಳಗೆ ಮೂಳೆ ಕಾಣುತ್ತಿದೆ ಅಂದಳು. ಹನ್ನೊಂದು ದಿನ ಅವಳು ಅವರನ್ನು ಕೈಯಲ್ಲಿ ಹೂ ಹಿಡಿದ ಹಾಗೆ ಹೊರಳಿಸಿದಳು. ಜ್ವರ ಇಳಿಯಲಿಲ್ಲ. ಹನ್ನೆರಡನೆಯ ದಿನ, ಸೋಮವಾರ, ನಾನು ಮಕ್ಕಳಿಗೆ ಸಾಂಬಾರು ಬಡಿಸುತ್ತಿದ್ದಾಗ ಶಾಂತಿಯ ಫೋನ್ ಬಂತು. ಸೌಟು ಕೈಯಲ್ಲಿತ್ತು. ಉಳಿದ ನಾಲ್ಕು ಮಕ್ಕಳಿಗೆ ಬಡಿಸಿಯೇ ಹೊರಟೆ. ಬಿಟ್ಟು ಬಂದಿದ್ದರೆ ಟೀಚರ್ ಒಪ್ಪುತ್ತಿರಲಿಲ್ಲ.

ಸಂಜೆಯೊಳಗೆ ಎಲ್ಲ ಮುಗಿಯಿತು. ಬೀದಿಯವರೆಲ್ಲ ಬಂದರು. ಹಿರಿಯರೊಬ್ಬರು ಬುದ್ಧನ ಪಟದ ಮುಂದೆ ತ್ರಿಶರಣ ಹೇಳಿಸಿದರು. ಅವರ ಕೈಯಲ್ಲಿ ಅಕ್ಷರ ತಿದ್ದಿದ್ದವರೇ ಹೆಗಲು ಕೊಟ್ಟರು. ಮಣ್ಣು ಮಾಡಿ ಬಂದು, ಮನೆ ತೊಳೆದು, ನಾನೂ ಶಾಂತಿಯೂ ಖಾಲಿ ಮಂಚದ ಎದುರು ಕೂತೆವು. ಅವಳ ಫೋನು ಕುಂಯ್ ಎಂದಿತು. ಸಂಸ್ಥೆಯವರು ಅವಳಿಗೆ ಮುಂದಿನ ಮನೆ ಕಳಿಸಿದ್ದರು, ವಿಳಾಸ ಇನ್ನೂ ಇರಲಿಲ್ಲ, ಫೋನ್ ನಂಬರು ಮಾತ್ರ. ಹೊಸ ತಿಪ್ಪಸಂದ್ರದಲ್ಲಿ ಒಬ್ಬ ತಾತ, ಕಾರ್ಖಾನೆಯಿಂದ ರಿಟೈರಾದವರು, ಎರಡು ವರ್ಷದಿಂದ ಹಾಸಿಗೆಯಲ್ಲಿ. ಅವರ ಮರುಪರಿಶೀಲನೆ ಬುಧವಾರ. ಆ ನಂಬರಿಗೆ ಶಾಂತಿ ತಾನೇ ಫೋನ್ ಮಾಡಿ, ಸ್ಪೀಕರಿಗೆ ಹಾಕಿದಳು. ಸೊಸೆ ಎತ್ತಿಕೊಂಡಳು. ಆಫೀಸರ್ ಬರುವ ವಿಷಯ ಎಂದು ಶಾಂತಿ ಬಾಯಿ ತೆರೆಯುವಷ್ಟರಲ್ಲೇ ಆಕೆ ಹುರುಪಿನಿಂದ, ನೀವು ಯೋಚನೆ ಮಾಡಬೇಡಿ, ಮಾವನಿಗೆ ಹೊಸ ಪಂಚೆ ತಂದಿದ್ದೇವೆ, ಶೇವಿಂಗಿಗೆ ಬುಧವಾರ ಬೆಳಿಗ್ಗೆ ಜನ ಬರುತ್ತಾರೆ, ರೂಮಿಗೆ ಸುಣ್ಣ ಬಳಿಸಿದ್ದೇವೆ ಅಂದಳು.

ಶಾಂತಿ ನನ್ನನ್ನು ನೋಡಿದಳು. ನಾನು ಅವಳ ಕೈಯಿಂದ ಫೋನು ತೆಗೆದುಕೊಂಡೆ. ಮುಖ ನೋಡದ ಆ ಹೆಣ್ಣುಮಗಳಿಗೆ ಎಲ್ಲ ಹೇಳಿದೆ, ಬಾಚಿದ ತಲೆಯಿಂದ ಮೂಳೆಯವರೆಗೆ. ನಾನು ಆಡಿದ ಎರಡು ಪದವನ್ನೂ ಹೇಳಿದೆ. ಟೀಚರಿಗೆ ನಾನು ತೀರಿಸಬೇಕಾದದ್ದು ಇನ್ನು ಹೀಗಲ್ಲದೆ ಬೇರೆ ದಾರಿಯಲ್ಲಿ ತೀರುವುದಿಲ್ಲ. ಆಕೆ ನಡುನಡುವೆ ಹೂಂ ಅನ್ನುತ್ತಿದ್ದಳು. ನಾನು ಮುಗಿಸಿದ ಮೇಲೆ ಆಕೆ ಅಲ್ಲಿ ಓಡುತ್ತಿದ್ದ ಮಿಕ್ಸಿ ನಿಲ್ಲಿಸಿದಳು.

“ನೀವ್ ಹೇಳೋದು ಸರಿ ಆಂಟಿ” ಅಂದಳು. “ಆದ್ರೂ ಬಂದೋರು ನಮ್ ಬಗ್ಗೆ ಏನಂದ್ಕೋತಾರೆ?”

ಬುಧವಾರ ಬೆಳಿಗ್ಗೆ ನಾನೇ ಅಲ್ಲಿಗೆ ಬರುತ್ತೇನೆ, ವಿಳಾಸ ಕಳಿಸಿ ಅಂದೆ. ಕಳಿಸುತ್ತೇನೆ ಅಂದಳು. ನಾನು ಮಲಗುವವರೆಗೂ ವಿಳಾಸ ಬಂದಿರಲಿಲ್ಲ.

ಸಾವಾದ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಎದುರುಮನೆಯವರು ಮುದ್ದೆ, ಹುರುಳಿ ಸಾರು ತಂದುಕೊಟ್ಟರು. ನಾನು ಅರ್ಧ ಮುದ್ದೆ ತಿಂದೆ. ಆ ರಾತ್ರಿ ಹಲಸೂರಿಗೆ ಹೋಗದೆ ಉಳಿದ ಶಾಂತಿ ಒಂದು ಪೂರ್ತಿ ತಿಂದು, ತಟ್ಟೆ ತೊಳೆದಿಟ್ಟು, ಚಾಪೆಯ ಮೇಲೆ ಗೋಡೆ ಕಡೆ ತಿರುಗಿ ಮೊದಲು ಮಲಗಿದಳು.